ಇಪ್ಪತ್ತೊಂದು ದಿನದ ರಜೆ

೧ ಡಿಸೆಂಬರ್ ೧೯೪೪, ಶುಕ್ರವಾರ. ಲಿಂಗಸುಗೂರು

ಕಚೇರಿಯಲ್ಲಿ ನಿಜಾಮ ಸರ್ಕಾರದ ಫಸಲಿ ತಾರೀಖು ಬರೆಯುತ್ತೇನೆ, ಮನೆಯಲ್ಲಿ ಬಸವಣ್ಣೆಮ್ಮ ತಿಥಿ ಹೇಳುತ್ತಾಳೆ. ಈ ಪುಸ್ತಕ ಕಚೇರಿಯದೂ ಅಲ್ಲ, ಹೆಂಡತಿಯದೂ ಅಲ್ಲ. ಅದಕ್ಕೇ ಇಲ್ಲಿ ಇಂಗ್ಲಿಷ್ ತಾರೀಖು. ಯಾರೂ ಓದದ ಪುಸ್ತಕದಲ್ಲಿ ಮನುಷ್ಯ ಸ್ವಲ್ಪ ಬೈದಾಡಿಕೊಳ್ಳಬಹುದು.

ಇವತ್ತು ಜುಮ್ಮಾ, ದವಾಖಾನೆಗೆ ರಜೆ. ರಜೆ ಅನ್ನುವುದು ಹೆಸರಿಗೆ. ಮೈಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತಿದ್ದೆ, ಚಪರಾಸಿ ಮಕ್ತುಮ್‌ಸಾಬ್ ಬಂದು ಬಾಗಿಲಲ್ಲಿ ನಿಂತ.

"ಮಸ್ಕಿ ಕಡಿ ಸಿಡುಬು ಸುರು ಆಗೇತಂತ್ರಿ ಅಮರಗುಂಡಪ್ಪಾರ. ಅದು ಇತ್ತಕಡಿ ಬರೂದ್ರೊಳಗ ಮುದಗಲ್ ಕಡಿ ಊರು ಮುಗಸ್ಬೇಕಂತ. ಈಗಿಂದೀಗ ಹೊಂಡ್ರಿ ಅಂತ ಡಾಕ್ಟರ್ ಸಾಹೇಬ್ರ ಹುಕುಂ."

ಹನ್ನೊಂದು ವರ್ಷದಿಂದ ಈ ತಾಲೂಕಿನ ಕೂಸುಗಳಿಗೆ ದೇವಿ ಹಾಕುತ್ತಿದ್ದೇನೆ. ಸಿಡುಬು ಬಾರದಂತೆ ರಟ್ಟೆಯನ್ನು ಸೂಜಿಯಿಂದ ಕೆರೆದು ಔಷಧ ಸವರುವ ಕೆಲಸ. ನಾನು ಊರ ಅಗಸೆ ಬಾಗಿಲಲ್ಲಿ ಕಂಡರೆ ಸಾಕು, ತಾಯಂದಿರು ಕೂಸುಗಳನ್ನು ಬಣವೆಯ ಹಿಂದಕ್ಕೆ ದಬ್ಬುತ್ತಾರೆ. ಹಬ್ಬ ಮುಗೀಲಿ ಎನ್ನುತ್ತಾರೆ, ಮದುವೆ ಮುಗೀಲಿ ಎನ್ನುತ್ತಾರೆ. ರೋಗ ಬಂದ ಮೇಲೆ ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ಬಿಟ್ಟು, "ತಾಯಿ ಬಂದಾಳ" ಎಂದು ಕೈಮುಗಿದು ಕೂರುತ್ತಾರೆ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ!

ಚೀಲ ಹೆಗಲಿಗೆ ಹಾಕುವಾಗ ಅಂಬಿ ಅಂಗಿ ಹಿಡಿದು ಜಗ್ಗಿದಳು. ನಮಗೆ ಇವಳೊಬ್ಬಳೇ, ಐದು ವರ್ಷ. "ಅಪ್ಪಾ, ಜುಮ್ಮಾ ಅಂದ್ರ ನೀ ಮನ್ಯಾಗ ಇರೂ ದಿನ ಹೌದಿಲ್ಲೋ? ಮತ್ತ್ಯಾಕ ಹೊಂಟಿ?" ಎಂದಳು. ಕೈ ಬಿಡಿಸಿಕೊಂಡು ಬಂದೆ. ಸರ್ಕಾರದ ಕೆಲಸ ಕೂಸಿಗೆ ಏನು ತಿಳಿಯುತ್ತದೆ.

೭ ಡಿಸೆಂಬರ್, ಗುರುವಾರ

ಮಧ್ಯಾಹ್ನ ಬಂದೆ. ಆರು ದಿನ, ಒಂಬತ್ತು ಊರು, ಮುನ್ನೂರ ಹನ್ನೆರಡು ರಟ್ಟೆ. ಇಡೀ ಜಿಲ್ಲೆಯಲ್ಲಿ ಇನ್ನೊಬ್ಬ ಮಾಡಿ ತೋರಿಸಲಿ.

ಕೈಕಾಲು ತೊಳೆಯುವುದರೊಳಗೆ ಬಸವಣ್ಣೆಮ್ಮ ಸುದ್ದಿ ತೆಗೆದಳು. "ರೀ, ಈ ಸಲ ಎಳ್ಳಮಾಸಿ ಜುಮ್ಮಾದ ದಿನಾನ ಬಂದೇತಿ."

ನನಗೂ ಆಶ್ಚರ್ಯವಾಯಿತು. ಮಸ್ಕಿಯ ಆಚೆ ಪಾಮನಕಲ್ಲೂರಿನಲ್ಲಿ ಅಣ್ಣ ವಿರೂಪಾಕ್ಷಪ್ಪ ಗಳೆ ಹೂಡದ ದಿನವೆಂದರೆ ಸೋಮವಾರ, ಅಮವಾಸ್ಯೆ. ನನ್ನ ರಜೆ ಶುಕ್ರವಾರ. ಅವನಿಗೆ ಬಿಡುವಿದ್ದಾಗ ನಾನು ದುಡಿಯುತ್ತೇನೆ, ನನಗೆ ಬಿಡುವಿದ್ದಾಗ ಅವನು. ಎಳ್ಳ ಅಮವಾಸ್ಯೆಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಡೆಯ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಕೂಡಿ ಉಂಡು ಬರುತ್ತಾರೆ. ಮದುವೆಯಾಗಿ ಎಂಟು ವರ್ಷವಾಯಿತು, ಆ ಪಂಕ್ತಿಯಲ್ಲಿ ನಾನು ಒಮ್ಮೆಯೂ ಕುಳಿತಿಲ್ಲ. ಹೋಗೋಣ ಎಂದೆ. ಅವಳು ಹಿಗ್ಗಿಬಿಟ್ಟಳು.

ಆಮೇಲೆ ಅಂಬಿಯನ್ನು ಕರೆದು ಚೀಲ ಬಿಚ್ಚಿದೆ. ಒಂದು ನಳಿಕೆ ಔಷಧ ಉಳಿದಿತ್ತು. ಅಂಬಿಯ ರಟ್ಟೆ ಬರಿದಾಗಿದೆ. ವರ್ಷದವಳಿದ್ದಾಗ ಹಾಕಿದ್ದು ಗುಳ್ಳೆಯಾಗಿ ಏಳಲಿಲ್ಲ. ಬೇಸಿಗೆಯ ಝಳಕ್ಕೆ ಔಷಧ ಕೆಟ್ಟಿತ್ತೋ ಏನೋ. ಮತ್ತೆ ಹಾಕಬೇಕು, ಹಾಕಬೇಕು ಎನ್ನುತ್ತಲೇ ನಾಲ್ಕು ವರ್ಷ ಕಳೆದೆ. ಮನೆಯಲ್ಲಿರುವುದು ಜುಮ್ಮಾ ಒಂದು ದಿನ, ಆ ದಿನ ಸೂಜಿ ಕಂಡರೆ ನನಗೆ ಮೈ ಉರಿಯುತ್ತದೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಬಸವಣ್ಣೆಮ್ಮ ಅಣಕಿಸುತ್ತಿರುತ್ತಾಳೆ.

ಇವತ್ತು ಮಾತ್ರ ಕೈ ಅಡ್ಡ ಹಿಡಿದಳು. "ಹಾಕಿದ ಎಂಟನೇ ದಿನಕ್ಕ ಜ್ವರ ಬರ್ತಾವು ಅಂತ ನೀವ ಊರೆಲ್ಲಾ ಹೇಳ್ತೀರಿ. ಇವತ್ತ ಹಾಕಿದ್ರ ಎಂಟನೇ ದಿನ ಯಾವತ್ತು? ಎಣಸ್ರಿ."

ಬೆರಳು ಮಡಚಿದೆ. ಹದಿನೈದು. ಅಮವಾಸ್ಯೆಯ ದಿನ.

"ಒಂದಿನ ಅಪ್ಪ ಮಗಳು ಕೂಡಿ ಉಣ್ಣೂದು, ಅವತ್ತ ಕೂಸು ರಟ್ಟಿ ಬಾತು ಅಳಕೋತ ಮಕ್ಕೋಬೇಕೇನ್ರಿ? ಹಬ್ಬ ಮುಗೀಲಿ. ಮರುದಿನ ಹಾಕ್ರಿ, ನಾನ ಹಿಡ್ಕೋತೀನಿ."

ಹಬ್ಬ ಮುಗೀಲಿ! ಈ ಮಾತಿಗೆ ಊರೂರಲ್ಲಿ ಎಗರಾಡುವವನು ಮನೆಯಲ್ಲಿ ಹೂಂ ಎಂದೆ. ನನಗೂ ಆ ದಿನ ಬೇಕಾಗಿತ್ತು. ಎಂಟು ದಿನದಲ್ಲಿ ಏನು ಮುಳುಗಿಹೋಗುತ್ತದೆ.

೧೩ ಡಿಸೆಂಬರ್, ಬುಧವಾರ

ನಾಳೆ ಮಧ್ಯಾಹ್ನದ ಬಸ್ಸಿಗೆ ಹೋಗಲು ಡಾಕ್ಟರ್ ಸಾಹೇಬರು ಒಪ್ಪಿದರು. "ಶನಿವಾರ ಬೆಳಿಗ್ಗೆ ಹಾಜರಿ ತಪ್ಪಬಾರದು" ಎಂದು ಮೂರು ಸಲ ಹೇಳಿದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ, ಆ ಮಾತು ಯಾರೂ ಎತ್ತುವುದಿಲ್ಲ.

ಅಂಬಿ ಎರಡು ದಿನದಿಂದ ಹೊಸ ಪರಕರವನ್ನು ತಲೆದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದಾಳೆ.

೧೫ ಡಿಸೆಂಬರ್, ಶುಕ್ರವಾರ. ಮಸ್ಕಿ

ಸಂಜೆಯ ಬಸ್ಸು ಕಾಯುತ್ತ ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬಸ್ಸು ನಿಂತಿದೆ, ಆದರೆ ಡ್ರೈವರ್ ಇನ್ನೂ ಅದರ ಹಿಂದಿನ ಇದ್ದಿಲ ಒಲೆ ಊದುತ್ತಿದ್ದಾನೆ. ಯುದ್ಧ ಮುಗಿದು ಪೆಟ್ರೋಲು ಬರುವವರೆಗೆ ಇದೇ ಪಾಡು. ಊದಲಿ. ಇವತ್ತು ನನಗೆ ಯಾರ ಮೇಲೂ ಸಿಟ್ಟಿಲ್ಲ.

ಹೊತ್ತೇರುವ ಮುಂಚೆ ಅಣ್ಣ ಬಂಡಿ ಹೂಡಿದ. ಅಣ್ಣನ ಹೆಂಡತಿ, ಅವನ ಇಬ್ಬರು ಮಕ್ಕಳು, ನಾವು ಮೂವರು, ಬುಟ್ಟಿ ತುಂಬ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಮೊಸರು ಬಾನ. ಬಂಡಿ ಹತ್ತುವಾಗಲೇ ಬಸವಣ್ಣೆಮ್ಮ ನನ್ನ ಕಿವಿಯಲ್ಲಿ ಹೇಳಿದಳು: "ಇವತ್ತೊಂದಿನ ಯಾರ ರಟ್ಟೀನೂ ನೋಡಬ್ಯಾಡ್ರಿ. ನನ್ನ ಆಣಿ ಐತಿ."

ಬಿಳಿಜೋಳ ಆಳೆತ್ತರ ನಿಂತಿದೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದೆವು. ಚರಗ ಚೆಲ್ಲಲು ಅಂಬಿಯೇ ಬೇಕೆಂದು ಹಟ ಹಿಡಿದಳು. ಹೆಗಲ ಮೇಲೆ ಕೂರಿಸಿಕೊಂಡೆ. ಅವಳು ಮೇಲಿಂದ ಮುಷ್ಟಿ ಮುಷ್ಟಿ ಎರಚುತ್ತ "ಹುಲಿಗ್ಯೋ ಹುಲಿಗ್ಯೋ!" ಎಂದು ಕೂಗುವುದು, ಹಿಂದಿನಿಂದ ಅಣ್ಣ ನೀರು ಚಿಮುಕಿಸುವುದು. ಅರ್ಧ ಚರಗ ಬೆಳೆಗೆ, ಅರ್ಧ ನನ್ನ ತಲೆಗೆ. "ಏ ದೇವಿ ಡಾಕ್ಟರಾ, ನಿನ್ನ ತಲ್ಯಾಗೂ ಈ ವರ್ಷ ಛಲೋ ಬೆಳಿ ಬರ್ತೈತಿ ಬಿಡೋ!" ಎಂದ ಅಣ್ಣ. ಬಸವಣ್ಣೆಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಇಷ್ಟು ಜೋರಾಗಿ ನಗುತ್ತಾಳೆಂಬುದೇ ನನಗೆ ಮರೆತುಹೋಗಿತ್ತು.

ಊಟಕ್ಕೆ ಮುಂಚೆ ಅಕ್ಕಪಕ್ಕದ ಹೊಲದವರಿಗೆ ಕಡುಬು ಕೊಟ್ಟು ಬರುವುದು ವಾಡಿಕೆ. ಅಣ್ಣನ ಮಕ್ಕಳ ಜೊತೆ ಅಂಬಿಯೂ ಓಡಿದಳು. ಬದುವಿನ ಆಚೆ ಒಂದು ಬಂಡಿ ನಿಂತಿತ್ತು. ಅದರಲ್ಲಿ ಒಂದು ಕೂಸು, ಸುಡು ಬಿಸಿಲಲ್ಲೂ ಕಂಬಳಿ ಹೊದ್ದಿತ್ತು. ನೊಗಕ್ಕೆ ಬೇವಿನ ಸೊಪ್ಪು ಕಟ್ಟಿದ್ದರು. ಹಬ್ಬದ ದಿನ ಬೇವು ಯಾಕೋ. ನೋಡಿದೆ, ಎದ್ದು ಹೋಗಬೇಕು ಅನ್ನಿಸಿತು, ಮುಖ ಈ ಕಡೆ ತಿರುಗಿಸಿದೆ. ಇವತ್ತು ನನ್ನ ಕಣ್ಣಿಗೂ ರಜೆ. ಅಂಬಿ ಬಂಡಿಯ ಮೂಕಿಯ ಮೇಲೆ ಕುಳಿತು ಆ ಕೂಸಿಗೆ ಕಡುಬು ತಿನ್ನಿಸಿ ಬಂದಳು.

ಉಂಡು ನನ್ನ ತೊಡೆಯ ಮೇಲೆ ಕುಳಿತು ಹಸಿಗಡಲೆ ತಿಂದಳು. "ಅಪ್ಪಾ, ನಾಳೀನೂ ಜುಮ್ಮಾ ಮಾಡು" ಎಂದಳು. ಈಗ ಅವ್ವನ ಮಡಿಲಲ್ಲಿ ನಿದ್ದೆ ಹೋಗಿದ್ದಾಳೆ, ತುಟಿಗೆಲ್ಲ ಕಡಲೆ ಗಿಡದ ಹುಳಿ ಅಂಟಿದೆ. ಬಸ್ಸು ಬಿಡುತ್ತಾರಂತೆ.

೧೬ ಡಿಸೆಂಬರ್, ಶನಿವಾರ. ಮಸ್ಕಿ

ಬೆಳಿಗ್ಗೆ ಹಾಜರಿ ಹಾಕಿದ್ದೇ ತಡ, ಮಸ್ಕಿಗೆ ಹೊರಡಲು ಹುಕುಂ. ನಿನ್ನೆ ಕಾಯುತ್ತ ಕುಳಿತ ಕಟ್ಟೆಗೇ ಬಂದು ಇಳಿದೆ. ಅಂಬಿಗೆ ದೇವಿ ಹಾಕುವುದು ಆಗಲಿಲ್ಲ. ಬಂದ ಮೇಲೆ ಹಾಕುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.

೧೯ ಡಿಸೆಂಬರ್, ಮಂಗಳವಾರ. ಪಾಮನಕಲ್ಲೂರು

ಎಂಟು ಮನೆಗಳಲ್ಲಿ ಸಿಡುಬು. ಎಂಟನೆಯ ಮನೆಯಲ್ಲಿ ಆ ಕಂಬಳಿ ಇತ್ತು.

ಕಂಬಳಿಯಲ್ಲಿ ಆ ಕೂಸು. ಗುಳ್ಳೆ ಒಣಗಿ ಹಕ್ಕಳೆ ಉದುರುತ್ತಿವೆ. ಅಂಥ ಹೊತ್ತಿನಲ್ಲೂ ರೋಗ ಹತ್ತುತ್ತದೆ. ಇದನ್ನು ನಾನೇ ಹನ್ನೊಂದು ವರ್ಷ ಚಾವಡಿಗಳಲ್ಲಿ ನಿಂತು ಕೂಗಿ ಹೇಳಿದ್ದೇನೆ. "ಚರಗದ ದಿನ ಕೂಸೊಂದನ್ನ ಮನ್ಯಾಗ ಬಿಟ್ಟು ಹ್ಯಾಂಗ ಹೋಗೂದ್ರಿ ಯಪ್ಪಾ?" ಎಂದಳು ತಾಯಿ. ಆ ಮನೆಯ ಲೆಕ್ಕ ಬರೆದುಕೊಂಡು ಹೊರಬಿದ್ದೆ.

ಅಣ್ಣನ ಮಕ್ಕಳ ರಟ್ಟೆಯಲ್ಲಿ ಕಲೆ ಚೆನ್ನಾಗಿವೆ. ಹೋದ ವರ್ಷ ನಾನೇ ಹಾಕಿದ್ದು.

೨೦ ಡಿಸೆಂಬರ್, ಬುಧವಾರ. ಲಿಂಗಸುಗೂರು

ಹುಕುಂ ಇಲ್ಲದೆ ಊರೂರು ತಿರುಗುವ ದೌರೆ ಬಿಟ್ಟು ಬಂದೆ. ಬಂದವನೇ ಚಪ್ಪಲಿ ಬಿಡದೆ ಅಂಬಿಯನ್ನು ಹಿಡಿದು ದೇವಿ ಹಾಕಿದೆ. ಅತ್ತಳು. "ಇಷ್ಟ್ಯಾಕ ಗಡಿಬಿಡಿ ಮಾಡಾಕತ್ತೀರಿ?" ಎಂದು ಬಸವಣ್ಣೆಮ್ಮ ಕೇಳಿದಳು. ಮತ್ತೆ ಹೊರಡಬೇಕು, ಅದಕ್ಕೆ ಎಂದು ಸುಳ್ಳು ಹೇಳಿದೆ.

ರೋಗಿಯನ್ನು ಮುಟ್ಟಿದ ಮೂರು ದಿನದೊಳಗೆ ಹಾಕಿದರೆ ತಡೆಯುತ್ತದೆ ಎಂದು ಡಾಕ್ಟರ್ ಸಾಹೇಬರು ಹೇಳುತ್ತಾರೆ. ಐದಾಗಿದೆ. ಮೂರಕ್ಕೂ ಐದಕ್ಕೂ ಅಂಥ ದೊಡ್ಡ ಅಂತರವೇನಿಲ್ಲ. ನಳಿಕೆ ಐದು ದಿನ ನನ್ನ ಚೀಲದಲ್ಲಿ ಬಿಸಿಲು ತಿಂದಿತ್ತು. ಅದೂ ಅಷ್ಟೇನಲ್ಲ.

೨೭ ಡಿಸೆಂಬರ್, ಬುಧವಾರ

ಅಂಬಿಗೆ ಜ್ವರ ಬಂದಿದೆ! ದೇವಿ ಹಾಕಿ ಇಂದಿಗೆ ಏಳು ದಿನ. ಹಾಕಿದ್ದು ಎದ್ದರೆ ಹೀಗೇ ಜ್ವರ ಬರಬೇಕು. ಬಸವಣ್ಣೆಮ್ಮ ಗಾಬರಿಯಾದಳು. "ಅಂಜಬ್ಯಾಡ, ಇದು ಬರಬೇಕಾದ ಜ್ವರ" ಎಂದೆ. ಬೆಲ್ಲ ತಂದು ಹಂಚಿದೆ, ಮಕ್ತುಮ್‌ಸಾಬನಿಗೂ ಕೊಟ್ಟೆ.

ರಟ್ಟೆಯಲ್ಲಿ ಇನ್ನೂ ಗುಳ್ಳೆ ಎದ್ದಿಲ್ಲ. ಸ್ವಲ್ಪ ಕೆಂಪಗಿದೆ. ಕೆಂಪಗೇ ಇದೆ, ದೀಪ ಹಿಡಿದು ನೋಡಿದೆ.

೨೯ ಡಿಸೆಂಬರ್, ಶುಕ್ರವಾರ

ಬೆನ್ನು ನೋವೆಂದು ಅಳುತ್ತಾಳೆ. ರಟ್ಟೆ ಹಾಗೇ ಇದೆ.

೩೦ ಡಿಸೆಂಬರ್, ಶನಿವಾರ

ಮೊದಲು ಹಣೆಯ ಮೇಲೆ, ಆಮೇಲೆ ಮುಂಗೈಯಲ್ಲಿ. ಈ ಗುಳ್ಳೆಗಳನ್ನು ಗುರುತಿಸಲು ನನಗೆ ಯಾರೂ ಕಲಿಸಬೇಕಾಗಿಲ್ಲ.

ಸಿಡುಬು ಬಂದ ಮನೆಯ ವರದಿ ಬರೆಯುವುದು ನನ್ನದೇ ಕೆಲಸ. ಬರೆದೆ. ಯಜಮಾನನ ಹೆಸರು, ಅಮರಗುಂಡಪ್ಪ. ದೇವಿ ಹಾಕಿಸಿದ್ದಾರೆಯೇ ಎಂಬಲ್ಲಿ ಪೆನ್ನು ನಿಂತುಬಿಟ್ಟಿತು. ಡಾಕ್ಟರ್ ಸಾಹೇಬರು ಬಂದು ಹೊಸ್ತಿಲಿನಿಂದಲೇ ನೋಡಿ, ತಲೆ ತಗ್ಗಿಸಿ ಹೇಳಿದರು: ಕಾಯಿದೆಯಂತೆ ಇಪ್ಪತ್ತೊಂದು ದಿನ ಮನೆ ಬಿಟ್ಟು ಕದಲಬಾರದು, ರಜೆ ಮಂಜೂರು.

ಹನ್ನೊಂದು ವರ್ಷದಲ್ಲಿ ನನಗೆ ಸಾಲಾಗಿ ಎರಡು ದಿನ ರಜೆ ಸಿಕ್ಕಿರಲಿಲ್ಲ.

೧ ಜನವರಿ ೧೯೪೫, ಸೋಮವಾರ

ಓಣಿಯವರು ನಮ್ಮ ಬಾಗಿಲ ಮುಂದೆ ಹಾಯುವುದಿಲ್ಲ. ಮಕ್ತುಮ್‌ಸಾಬನ ಹೆಂಡತಿ ಸಕೀನಾಬೀ ಒಬ್ಬಳು ಸೀದಾ ಒಳಗೆ ಬಂದಳು. ಅವಳ ಮುಖದ ತುಂಬ ಹಳೆಯ ಕಲೆಗಳು. "ನನಗ ಒಮ್ಮಿ ಬಂದು ಹೋಗೇತ್ರಿ ಅಣ್ಣಾರ, ಇನ್ನ ಬರೂದಿಲ್ಲ. ನೀವು ಸ್ವಲ್ಪ ಅಡ್ಡಾಗ್ರಿ, ನಾ ಕುಂದರ್ತೀನಿ" ಎಂದಳು.

ಬೆಳಿಗ್ಗೆ ಕಣ್ಣು ತೆರೆದು ಅಂಬಿ ನನ್ನನ್ನು ನೋಡಿದಳು. ನಿನ್ನೆ ನೋಡಿದ್ದಳು, ಮೊನ್ನೆಯೂ ನೋಡಿದ್ದಳು. "ಅಪ್ಪಾ, ಇವತ್ತೂ ಜುಮ್ಮಾನ?" ಎಂದಳು.

"ಹೂಂ, ಜುಮ್ಮಾನ ಅವ್ವಾ."

"ದವಾಖಾನಿಗೆ ಹೋಗೂದಿಲ್ಲ?"

"ಇಲ್ಲ. ಎಲ್ಲೀಗೂ ಹೋಗೂದಿಲ್ಲ."

ಆ ಸ್ಥಿತಿಯಲ್ಲೂ ಅವಳು ನಕ್ಕಳು. ನಾನು ಹಿತ್ತಿಲಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತೆ.

೪ ಜನವರಿ, ಗುರುವಾರ

ಕಣ್ಣು ಬಾತು ಮುಚ್ಚಿವೆ. ಹೊತ್ತು ತಿಳಿಯುವುದಿಲ್ಲ, ಎಚ್ಚರವಾದಾಗೆಲ್ಲ ಜುಮ್ಮಾನ ಎಂದು ಕೇಳುತ್ತಾಳೆ. ದಿನಕ್ಕೆ ನಾಲ್ಕು ಜುಮ್ಮಾ ಆಗುತ್ತವೆ. ಆಮೇಲೆ ಚರಗದ ಕತೆ ಹೇಳು ಎನ್ನುತ್ತಾಳೆ. ಹೇಳುತ್ತೇನೆ. ಬಂಡಿ ಹತ್ತಿದೆವು, ಹೆಗಲ ಮೇಲೆ ಕೂತಿ, ನನ್ನ ತಲೆಯ ಮೇಲೆ ಚೆಲ್ಲಿದಿ. ಕಡುಬು ಕೊಡಲು ಓಡಿಹೋದದ್ದನ್ನು ಮಾತ್ರ ಬಿಟ್ಟು ಹೇಳುತ್ತೇನೆ.

ಬಸವಣ್ಣೆಮ್ಮ ಎದೆ ಎದೆ ಬಡಿದುಕೊಳ್ಳುತ್ತಾಳೆ. "ನಾನ ಬ್ಯಾಡ ಅಂದೆ. ಹಬ್ಬ ಮುಗೀಲಿ ಅಂದಾಕಿ ನಾನ. ನನ್ನ ನಾಲಿಗಿ ಸೇದಿಹೋಗಬಾರದಿತ್ತೇನ್ರಿ!" ಎನ್ನುತ್ತಾಳೆ. ಎಣಿಸಿ ಒಪ್ಪಿದವನು ನಾನು. ಬಂಡಿಯಲ್ಲಿನ ಕೂಸನ್ನು ಕಂಡು ಮುಖ ತಿರುಗಿಸಿದವನು ನಾನು. ಅವಳಿಗೆ ಹೇಳಬೇಕು. ಇನ್ನೂ ಹೇಳಿಲ್ಲ.

ಸಕೀನಾಬೀ ಬಾಗಿಲಿಗೆ ಬೇವು ಕಟ್ಟಿದಳು. ನಾಲ್ಕು ದಿನದಿಂದ ಮನೆಯಲ್ಲಿ ಒಗ್ಗರಣೆ ಇಲ್ಲ. ತಾಯಿಗೆ ಆ ವಾಸನೆ ಆಗುವುದಿಲ್ಲ.

೭ ಜನವರಿ, ಭಾನುವಾರ

ನೀರು ಸಹ ಗುಟುಕರಿಸುತ್ತಿಲ್ಲ. ತಾಯೀ, ಒಂದು ಕೂಸು, ಬಿಟ್ಟುಬಿಡು.

೯ ಜನವರಿ, ಮಂಗಳವಾರ

ಬೆಳಿಗ್ಗೆ ಹೋದಳು. ಹಾಲು ಕರೆಯುವ ಹೊತ್ತು.

೧೨ ಜನವರಿ, ಶುಕ್ರವಾರ

ಅಣ್ಣ ಬಂದಿದ್ದ. ಮಣ್ಣಿಗೆ ಹೋದವರು ನಾವಿಬ್ಬರು ಮತ್ತು ಮಕ್ತುಮ್‌ಸಾಬ್, ಮೂವರೇ. ಹೆಗಲು ಕೊಡುವಷ್ಟು ಭಾರವೇನಿರಲಿಲ್ಲ, ನಾನೊಬ್ಬನೇ ಎತ್ತಿಕೊಂಡು ಹೋದೆ.

ರಜೆ ಇನ್ನೂ ಎಂಟು ದಿನ ಇದೆ. ಮನೆಯಲ್ಲಿ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಬಸವಣ್ಣೆಮ್ಮ ಒಂದು ಮೂಲೆಯಲ್ಲಿ, ನಾನು ಒಂದು ಮೂಲೆಯಲ್ಲಿ.

೨೦ ಜನವರಿ, ಶನಿವಾರ

ಇವತ್ತು ಹಾಜರಿ ಹಾಕಬೇಕು. ಸಿಂಧನೂರಿನ ಕಡೆ ಹೋಗಲು ಹುಕುಂ ಬಂದಿದೆಯಂತೆ. ಬಸವಣ್ಣೆಮ್ಮ ಬೇಗ ಎದ್ದು ರೊಟ್ಟಿ ಬಡಿದಳು. ಬುತ್ತಿ ಕಟ್ಟುತ್ತ, ತಲೆ ಎತ್ತದೆ ಕೇಳಿದಳು.

"ಆ ಕೂಸು ಹ್ಯಾಂಗೈತ್ರಿ?"

"ಯಾವ ಕೂಸು?"

"ಬಂಡ್ಯಾಗಿಂದು. ಕಂಬಳಿ ಹೊಚ್ಚಿದ್ರಲ್ಲ."

ಅದನ್ನು ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇವಳಿಗೆ ಓದಲು ಬರುವುದಿಲ್ಲ. "ನೀ ನೋಡಿದ್ದೇನು?" ಎಂದೆ.

"ನೊಗಕ್ಕ ಬೇವು ಕಟ್ಟಿದ್ದು ಕುರುಡ್ರಿಗೂ ಕಾಣ್ತಿತ್ತು. ನೀವು ನೋಡಿದ್ದೂ ನೋಡೀನಿ, ಮಾರಿ ಹೊಳ್ಳಿಸಿದ್ದೂ ನೋಡೀನಿ. ಅಂಬೀನ ಹೊಳ್ಳಿ ಕರೀಬೇಕಂದೆ, ನಿಮಗ ಹೇಳಬೇಕಂದೆ. ಹೇಳಿದ್ರ ನೀವು ಅಲ್ಲಿಂದ ಎದ್ದು ಊರಾಗ ರಟ್ಟಿ ನೋಡಾಕ ಹೋಗ್ತಿದ್ರಿ, ಹೊತ್ತು ಮುಣುಗೂತನಾ ಬರ್ತಿರಲಿಲ್ಲ. ಅಕಿ ಅಪ್ಪಾ ಅಪ್ಪಾ ಅಂತ ಕುಣ್ಯಾಕತ್ತಿದ್ಲು. ಇಂಥಾ ದಿನ ಮತ್ತ ಯಾವಾಗ ಬರ್ತೈತೋ ಅಂತ ಸುಮ್ಮನಾದೆ."

ಬುತ್ತಿಯ ಅರಿವೆ ಅವಳ ಕೈಯಲ್ಲೇ ಉಳಿಯಿತು. ಇಷ್ಟು ದಿನ ಒಂದೇ ಸೂರಿನಡಿ ಇಬ್ಬರೂ ಇದನ್ನೇ ಬಚ್ಚಿಟ್ಟುಕೊಂಡು ಕುಳಿತಿದ್ದೆವು.

"ಉಳದೈತಿ," ಎಂದೆ. "ಅಣ್ಣ ಹೇಳ್ದ. ಓಣ್ಯಾಗ ಆಡಾಕತ್ತೈತಂತ."

"ಉಳೀಲಿ," ಎಂದಳು. "ಅದರ ತಾಯಿನಾರ ನಗಲಿ." ಆಮೇಲೆ ಅಳು ತಡೆಯಲಿಲ್ಲ. ಮೂಲೆ ಬಿಟ್ಟು ಅವಳ ಪಕ್ಕಕ್ಕೆ ಹೋಗಿ ಕುಳಿತೆ. ನಾನೂ ಅತ್ತೆ. ಎಷ್ಟು ಹೊತ್ತೋ ತಿಳಿಯದು.

ಕಣ್ಣೊರೆಸಿಕೊಂಡು ಈ ಪುಸ್ತಕದ ಕಡೆ ಬೆರಳು ತೋರಿಸಿದಳು. "ಅದರಾಗ ಅಂಬೀದು ಬರದೀರೇನ್ರಿ?"

"ಬರದೀನಿ."

"ಅವತ್ತಿಂದೂ?"

"ಅವತ್ತಿಂದೂ."

"ಓದ್ರಿ."

ಹದಿನೈದನೇ ತಾರೀಖಿನ ಹಾಳೆ ತೆಗೆದು ಇದ್ದದ್ದನ್ನು ಇದ್ದ ಹಾಗೆ, ಒಂದು ಸಾಲೂ ಬಿಡದೆ ಓದಿದೆ. ಅವಳು ಮೊಣಕಾಲ ಮೇಲೆ ಗದ್ದ ಊರಿ ಕೇಳಿದಳು. ಮುಗಿದ ಮೇಲೆ ಇನ್ನೊಮ್ಮೆ ಓದ್ರಿ ಎಂದಳು. ಹೊರಗೆ ಮಕ್ತುಮ್‌ಸಾಬ್ ಬಂದು ಹತ್ತು ಗಂಟೆಯಾಯಿತೆಂದು ಕೂಗಿದ. ಇವತ್ತು ಬರೂದಿಲ್ಲ ಅಂತ ಡಾಕ್ಟರ್ ಸಾಹೇಬ್ರಿಗೆ ಹೇಳು ಎಂದು ಅವನನ್ನು ಕಳಿಸಿದೆ.